ಮಡಚುವ ಚಾಕು: ತೆರೆಯುವುದಕ್ಕಿಂತ ಮುಚ್ಚುವುದನ್ನು ನೋಡಿ

ಪ್ರಶ್ನೆ: ನನಗೆ 58 ವರ್ಷ. ಶಿರಸಿ ಸಮೀಪ ಅಡಿಕೆ ತೋಟವಿದೆ, ನಡುವೆ ಕಾಳುಮೆಣಸು, ಏಲಕ್ಕಿ. ಜೇಬಿನಲ್ಲಿ ಮಡಚುವ ಚಾಕು ಇಲ್ಲದೆ ತೋಟಕ್ಕೆ ಇಳಿದವನಲ್ಲ. ಮೆಣಸಿನ ಬಳ್ಳಿಗೆ ಕಟ್ಟಿದ ದಾರ ಕತ್ತರಿಸಲು, ಗೊಬ್ಬರದ ಚೀಲ ಬಿಚ್ಚಲು, ಡ್ರಿಪ್ ಪೈಪು ತುಂಡರಿಸಲು ಅದೇ ಬೇಕು. ಇಲ್ಲಿಯವರೆಗೆ ಬಳಸಿದ್ದು ಉಗುರು ಸಿಕ್ಕಿಸಿ ಎಳೆಯುವ ಸಾದಾ ಚಾಕು. ಈಚೆಗೆ ಬಲಗೈ ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾಗಿ, ಅದನ್ನು ತೆರೆಯುವುದೇ ಕಷ್ಟವಾಗಿದೆ. ಅಮೆರಿಕದಲ್ಲಿರುವ ಅಳಿಯ ಸ್ಪ್ರಿಂಗ್ ನೆರವಿನಿಂದ ತೆರೆಯುವ ಚಾಕುವೊಂದನ್ನು ತಂದುಕೊಟ್ಟಿದ್ದಾನೆ. ಅಲಗು ಸುಮಾರು ಮೂರು ಅಂಗುಲ. ತುಸು ತಳ್ಳಿದರೆ ಸಾಕು, ಉಳಿದಷ್ಟು ತಾನೇ ಚಿಮ್ಮುತ್ತದೆ. ‘ಅದು ಬಟನ್ ಚಾಕು, ಪೊಲೀಸರು ಹಿಡಿಯುತ್ತಾರೆ’ ಎಂದು ಪಕ್ಕದ ತೋಟದವರು ಹೇಳುತ್ತಾರೆ. ಜೇಬಿನೊಳಗೇ ತೆರೆದುಕೊಂಡರೆ ಗತಿಯೇನು ಎಂದು ಹೆಂಡತಿಗೆ ಭಯ. ಮಗ ಸೆಪ್ಟೆಂಬರ್‌ನಲ್ಲಿ ಓದಲು ಇಂಗ್ಲೆಂಡಿಗೆ ಹೊರಟಿದ್ದಾನೆ. ಇದನ್ನು ಅವನಿಗೆ ಕೊಟ್ಟು ನಾನು ಸಾದಾ ಚಾಕುವಿಗೇ ಮರಳಲೇ? ಅಥವಾ ನಾನೇ ಇಟ್ಟುಕೊಳ್ಳಲೇ?

ಉತ್ತರ: ಅವಸರದ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಆ ಚಾಕುವನ್ನು ಮಗನ ಸೂಟ್‌ಕೇಸಿಗೆ ಹಾಕಬೇಡಿ. ಇಂಗ್ಲೆಂಡಿನಲ್ಲಿ ಗುಂಡಿ ಒತ್ತಿ ತೆರೆಯುವ ಚಾಕುಗಳ ಮಾರಾಟಕ್ಕೆ 1959ರಿಂದಲೇ ನಿಷೇಧವಿದೆ. 2019ರ ಆಫೆನ್ಸಿವ್ ವೆಪನ್ಸ್ ಕಾಯ್ದೆ ಆ ವ್ಯಾಖ್ಯೆಯನ್ನು ಹಿಗ್ಗಿಸಿತು. ಗುಂಡಿ ಹಿಡಿಯಲ್ಲೇ ಇರಬೇಕೆಂದಿಲ್ಲ, ಚಾಕುವಿಗೆ ಸೇರಿದ ಯಾವುದೇ ಸಾಧನವನ್ನು ಒತ್ತಿದಾಗ ಅಲಗು ತಾನಾಗಿ ತೆರೆದುಕೊಂಡರೆ ಅದೂ ನಿಷಿದ್ಧ. ಸ್ಪ್ರಿಂಗ್ ನೆರವಿನ ಚಾಕುಗಳನ್ನು ಹಿಡಿಯುವುದಕ್ಕೆಂದೇ ಮಾಡಿದ ತಿದ್ದುಪಡಿ ಇದು. 2021ರಿಂದ ಅಂಥದ್ದನ್ನು ಹೊರಗೆ ಒಯ್ಯುವುದಷ್ಟೇ ಅಲ್ಲ, ಕೋಣೆಯ ಕಪಾಟಿನಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಓದಲು ಹೋದ ಹುಡುಗನ ವೀಸಾಕ್ಕೆ ಇಂಥದೊಂದು ಪ್ರಕರಣ ಅಂಟಿಕೊಳ್ಳುವುದು ಬೇಡ.

ಅವನಿಗೆ ಹಣ್ಣು ಹೆಚ್ಚಲು, ಪೊಟ್ಟಣ ಬಿಚ್ಚಲು ಏನಾದರೂ ಬೇಕೇ ಬೇಕೆಂದರೆ ಲಾಕ್ (ತೆರೆದ ಅಲಗು ತಾನಾಗಿ ಮಡಚಿಕೊಳ್ಳದಂತೆ ಹಿಡಿಯುವ ಏರ್ಪಾಡು) ಇಲ್ಲದ, ಹರಿತವಾದ ಅಂಚು 3 ಅಂಗುಲ ಮೀರದ ಮಡಚುವ ಚಾಕು ಕೊಡಿ. ಸಾರ್ವಜನಿಕ ಜಾಗಗಳಿಗೆ ಚಾಕು ಒಯ್ಯುವುದನ್ನು ತಡೆಯುವ ಅಲ್ಲಿನ 1988ರ ಕಾಯ್ದೆ ಇದಕ್ಕೆ ಮಾತ್ರ ವಿನಾಯಿತಿ ಕೊಡುತ್ತದೆ. ವಿಕ್ಟೋರಿನಾಕ್ಸ್‌ನ 91 ಮಿಲಿಮೀಟರ್ ಹಿಡಿಯ ಸ್ವಿಸ್ ಚಾಕುಗಳು ಈ ಮಿತಿಯೊಳಗೆ ಬರುತ್ತವೆ. ಅದೇ ಕಂಪನಿಯ 111 ಮಿಲಿಮೀಟರ್ ಹಿಡಿಯವುಗಳಲ್ಲಿ ಹೆಚ್ಚಿನವಕ್ಕೆ ಲಾಕ್ ಇರುತ್ತದೆ, ಅವು ಬೇಡ. ಯಾವುದೇ ಆದರೂ ವಿಮಾನದಲ್ಲಿ ಚೆಕ್-ಇನ್ ಸಾಮಾನಿನೊಳಗೇ ಹೋಗಬೇಕು. ವಿದ್ಯಾರ್ಥಿನಿಲಯದ ನಿಯಮವನ್ನೂ ಅವನು ಒಮ್ಮೆ ಕೇಳಿಕೊಳ್ಳಲಿ.

ಇನ್ನು ನಿಮ್ಮ ವಿಚಾರ. ಚಾಕು ರಿಪೇರಿ ಮತ್ತು ಸಾಣೆ ಕೆಲಸದಲ್ಲಿ ನನಗೆ ಹೆಚ್ಚಾಗಿ ಎದುರಾಗುವ ಪ್ರಶ್ನೆ ‘ಯಾವುದು ಬೇಗ ತೆರೆಯುತ್ತದೆ’ ಎಂಬುದು. ‘ಯಾವುದು ಕ್ಷೇಮವಾಗಿ ಮುಚ್ಚುತ್ತದೆ’ ಎಂದು ಕೇಳುವವರು ವಿರಳ. ಆದರೆ ಬೆರಳಿಗೆ ಗಾಯ ಮಾಡಿಕೊಂಡು ಬಂದವರ ಕಥೆ ಕೇಳಿದರೆ, ತೆರೆಯುವಾಗ ಕೊಯ್ದುಕೊಂಡವರಿಗಿಂತ ಮುಚ್ಚುವಾಗ ಕೊಯ್ದುಕೊಂಡವರೇ ಹೆಚ್ಚು. ನಿಮ್ಮ ಹೆಬ್ಬೆರಳಿನ ನೋವಿನ ದೃಷ್ಟಿಯಿಂದಂತೂ ಇದೇ ಮುಖ್ಯ ಪ್ರಶ್ನೆ.

ಬಟನ್ ಚಾಕುವಿಗೂ ನಿಮ್ಮ ಚಾಕುವಿಗೂ ಇರುವ ವ್ಯತ್ಯಾಸವನ್ನು ಮೊದಲು ನೋಡೋಣ. ಬಟನ್ ಚಾಕುವಿನಲ್ಲಿ ಸ್ಪ್ರಿಂಗ್ ಸದಾ ಅಲಗನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ, ಒಂದು ಚಿಕ್ಕ ಕೊಂಡಿ ಅದನ್ನು ತಡೆದು ಹಿಡಿದಿರುತ್ತದೆ. ಗುಂಡಿ ಒತ್ತಿದರೆ ಕೊಂಡಿ ಸರಿಯುತ್ತದೆ, ಅಲಗು ಚಿಮ್ಮುತ್ತದೆ. ಸ್ಪ್ರಿಂಗ್ ನೆರವಿನ ಚಾಕುವಿನ ಒಳಗುಟ್ಟು ಬೇರೆ. ಮುಚ್ಚಿದಾಗ ಅದರ ಸ್ಪ್ರಿಂಗ್ ಅಲಗನ್ನು ಒಳಕ್ಕೇ ಒತ್ತಿ ಹಿಡಿದಿರುತ್ತದೆ. ನೀವು ಹೆಬ್ಬೆರಳಿನಿಂದ ಗುಬುಟನ್ನೋ, ತೋರುಬೆರಳಿನಿಂದ ಹಿಂಬದಿಯ ಫ್ಲಿಪ್ಪರ್ ಎಂಬ ಚಾಚನ್ನೋ ತಳ್ಳಿ ಅಲಗನ್ನು ಸ್ವಲ್ಪ ದೂರ ತರಬೇಕು. ಒಂದು ಬಿಂದು ದಾಟಿದ ಮೇಲೆ ಅದೇ ಸ್ಪ್ರಿಂಗ್ ದಿಕ್ಕು ಬದಲಿಸಿ ಅಲಗನ್ನು ಹೊರಕ್ಕೆ ಎಸೆಯುತ್ತದೆ. ಗೋಡೆಯ ಮೇಲಿನ ದೀಪದ ಸ್ವಿಚ್ಚನ್ನು ನೆನಪಿಸಿಕೊಳ್ಳಿ. ಅದು ನಡುವೆ ನಿಲ್ಲುವುದಿಲ್ಲ, ಮಧ್ಯ ದಾಟಿದರೆ ಈ ಕಡೆಗೋ ಆ ಕಡೆಗೋ ಟಕ್ಕೆಂದು ಬೀಳುತ್ತದೆ. ಇಲ್ಲಿ ನಡೆಯುವುದೂ ಅದೇ.

ಇಂಥ ಚಾಕು ಹುಟ್ಟಿದ್ದಕ್ಕೆ ಕಾರಣ ಅಮೆರಿಕದ ಕಾನೂನು. 1958ರಲ್ಲಿ ಅಲ್ಲಿನ ಸಂಸತ್ತು ಬಟನ್ ಚಾಕುಗಳ ಅಂತರರಾಜ್ಯ ವ್ಯಾಪಾರವನ್ನು ನಿಷೇಧಿಸಿತು. 1990ರ ದಶಕದಲ್ಲಿ ಬ್ಲಾಕಿ ಕಾಲಿನ್ಸ್, ಹವಾಯಿಯ ಕೆನ್ ಆನಿಯನ್ ಮುಂತಾದ ವಿನ್ಯಾಸಕಾರರು ಆ ಕಾನೂನಿನ ಹೊರಗೆ ಉಳಿಯುವ, ಆದರೆ ಅಷ್ಟೇ ಚುರುಕಾಗಿ ತೆರೆಯುವ ಬಗೆಯನ್ನು ಕಂಡುಕೊಂಡರು. ಕೆನ್ ಆನಿಯನ್ ಅವರ ‘ಸ್ಪೀಡ್‌ಸೇಫ್’ ವಿನ್ಯಾಸವನ್ನು ಕರ್ಷಾ ಕಂಪನಿ ಮನೆಮಾತಾಗಿಸಿತು. 2009ರಲ್ಲಿ ಅಮೆರಿಕ ತನ್ನ ಕಾಯ್ದೆಗೆ ತಿದ್ದುಪಡಿ ತಂದು, ಮುಚ್ಚಿದ ಸ್ಥಿತಿಯ ಕಡೆಗೆ ಒಲವಿರುವ, ಕೈಯ ಬಲದಿಂದ ಆ ಒಲವನ್ನು ಮೀರಿ ತೆರೆಯಬೇಕಾದ ಚಾಕುಗಳನ್ನು ನಿಷೇಧದಿಂದ ಹೊರಗಿಟ್ಟಿತು. ನಿಮ್ಮ ಅಳಿಯ ಅಲ್ಲಿ ಇದನ್ನು ಅಂಗಡಿಯಲ್ಲಿ ಕೊಂಡಿದ್ದರಲ್ಲಿ ಅಚ್ಚರಿಯಿಲ್ಲ. ಅಲ್ಲಿ ಸರಿಯಾದದ್ದು ಎಲ್ಲೆಡೆಯೂ ಸರಿ ಎಂದುಕೊಂಡಾಗ ತೊಂದರೆ ಶುರುವಾಗುತ್ತದೆ.

ನಮ್ಮಲ್ಲಿ ಹೇಗೆ? ಪಕ್ಕದ ತೋಟದವರ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯ ನಿಯಮಗಳು ಆಯುಧವೆಂದು ಪಟ್ಟಿ ಮಾಡುವುದು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನು. ಅವುಗಳಲ್ಲೂ ಮನೆಬಳಕೆ, ಕೃಷಿ, ವೈಜ್ಞಾನಿಕ ಮತ್ತು ಕೈಗಾರಿಕೆಯ ಕೆಲಸಕ್ಕೆಂದು ಮಾಡಿದವು ಹೊರತು. ನಿಮ್ಮ ಮೂರು ಅಂಗುಲದ ಅಲಗು ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಆದರೆ ಅದೇ ಕಾಯ್ದೆಯ 4ನೇ ಸೆಕ್ಷನ್ ನಿರ್ದಿಷ್ಟ ಪ್ರದೇಶಗಳಿಗೆ ಬಿಗಿಯಾದ ಅಧಿಸೂಚನೆ ಹೊರಡಿಸಲು ಅವಕಾಶ ಕೊಡುತ್ತದೆ. ದೆಹಲಿಯಲ್ಲಿ 1980ರಿಂದ ಇಂಥದೊಂದು ಅಧಿಸೂಚನೆಯಿದೆ. ಗುಂಡಿಯ ಚಾಕು, ಗರಾರಿ (ಹಲ್ಲುಗಳ ಮೇಲೆ ಹಂತಹಂತವಾಗಿ ತೆರೆಯುವ) ಚಾಕುಗಳ ಜೊತೆಗೆ ಬೇರೆ ಯಾವುದೇ ಯಾಂತ್ರಿಕ ಸಾಧನದಿಂದ ತೆರೆಯುವ ಚಾಕುಗಳೂ ಅದರಲ್ಲಿ ಸೇರಿವೆ. ಅಳತೆ: ಉದ್ದ 7.62 ಸೆಂಟಿಮೀಟರ್, ಅಗಲ 1.72 ಸೆಂಟಿಮೀಟರ್ ಅಥವಾ ಹೆಚ್ಚು. 7.62 ಸೆಂಟಿಮೀಟರ್ ಎಂದರೆ ಸರಿಯಾಗಿ ಮೂರು ಅಂಗುಲ. ನಿಮ್ಮದು ಗೆರೆಯ ಮೇಲೆಯೇ ನಿಂತಿದೆ, ಆದ್ದರಿಂದ ದೆಹಲಿಗೆ ಹೋಗುವಾಗ ಅದು ಮನೆಯಲ್ಲೇ ಇರಲಿ. ಊರಿನಲ್ಲೂ ಚುನಾವಣೆ, ಗಲಾಟೆಗಳ ಸಮಯದಲ್ಲಿ ನಿಷೇಧಾಜ್ಞೆ ಇದ್ದಾಗ ಆಯುಧವೆನ್ನಬಹುದಾದ ಯಾವುದನ್ನೂ ಪೇಟೆಗೆ ಒಯ್ಯಬೇಡಿ. ಚಿಮ್ಮಿ ತೆರೆಯುವ ಚಾಕುವನ್ನು ಕಂಡ ಪೇದೆಗೆ ಒಳಗಿನ ಸ್ಪ್ರಿಂಗಿನ ದಿಕ್ಕನ್ನು ವಿವರಿಸಿ ಒಪ್ಪಿಸುವುದು ಸುಲಭವಲ್ಲ. ಸ್ವಂತ ತೋಟದಲ್ಲಿ ಕೆಲಸಕ್ಕೆ ಬಳಸುವುದಕ್ಕೆ ಹೆದರಬೇಕಾಗಿಲ್ಲ.

ಜೇಬಿನಲ್ಲಿ ತಾನಾಗಿ ತೆರೆದುಕೊಳ್ಳುತ್ತದೆ ಎಂಬ ಭಯಕ್ಕೆ ಬರೋಣ. ಸ್ಪ್ರಿಂಗ್ ಸರಿಯಾಗಿರುವ ಚಾಕು ಸುಮ್ಮನೆ ತೆರೆದುಕೊಳ್ಳುವುದಿಲ್ಲ, ಯಾಕೆಂದರೆ ಮುಚ್ಚಿದಾಗ ಆ ಸ್ಪ್ರಿಂಗೇ ಅದನ್ನು ಕಾಯುತ್ತಿರುತ್ತದೆ. ತೆರೆದುಕೊಂಡ ಪ್ರಸಂಗಗಳಲ್ಲಿ ನಾನು ಕಂಡ ಕಾರಣಗಳು ಎರಡು. ಒಂದು, ಜೇಬಿನಲ್ಲಿ ಜೊತೆಗಿದ್ದ ಕೀಲಿ ಗೊಂಚಲೋ ನಾಣ್ಯವೋ ಫ್ಲಿಪ್ಪರಿಗೆ ಒತ್ತಿಕೊಂಡದ್ದು. ಬಗ್ಗಿ ಕೂತಾಗ ಬಟ್ಟೆಯೇ ಅದನ್ನು ತಳ್ಳಬಹುದು. ಇನ್ನೊಂದು ಇದಕ್ಕಿಂತ ಗಂಭೀರ: ಒಳಗಿನ ಸ್ಪ್ರಿಂಗ್ ಮುರಿದದ್ದು. ಈ ಬಗೆಯ ಹಲವು ಚಾಕುಗಳಲ್ಲಿ ಸ್ಪ್ರಿಂಗ್ ಎಂದರೆ ಎರಡೂ ತುದಿ ಬಾಗಿಸಿದ ಒಂದು ತಂತಿಯಷ್ಟೇ. ಒಂದು ತುದಿ ಹಿಡಿಯೊಳಗೆ, ಇನ್ನೊಂದು ಅಲಗಿನ ಬುಡದ ತೂತಿನಲ್ಲಿ. ಆ ಬಾಗಿನಲ್ಲೇ ಅದು ತುಂಡಾಗುವುದು. ತುಂಡಾದರೆ ‘ಪರವಾಗಿಲ್ಲ, ಕೈಯಿಂದ ತೆರೆದರಾಯಿತು’ ಎಂದು ಹಲವರು ಬಳಕೆ ಮುಂದುವರಿಸುತ್ತಾರೆ. ಅದು ಅಪಾಯ. ತೆರೆಯುವ ನೆರವಿನ ಜೊತೆಗೆ ಮುಚ್ಚಿ ಹಿಡಿಯುವ ಬಲವೂ ಆ ತಂತಿಯದೇ ಆಗಿರುತ್ತದೆ. ಅದಿಲ್ಲದಿದ್ದರೆ ಅಲಗು ಸಡಿಲವಾಗಿ ಓಲಾಡುತ್ತದೆ, ಜೇಬಿಗೆ ಕೈ ಹಾಕಿದವನ ಬೆರಳಿಗೆ ಮೊನೆ ಸಿಗುತ್ತದೆ.

ಪರೀಕ್ಷಿಸುವುದು ಸುಲಭ. ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ, ಮುಚ್ಚಿದ ಚಾಕುವಿನ ಅಲಗನ್ನು ಅರ್ಧ ಸೆಂಟಿಮೀಟರಿನಷ್ಟು ಮಾತ್ರ ಎತ್ತಿ ಬಿಡಿ. ಟಕ್ಕೆಂದು ಒಳಕ್ಕೆ ಮರಳಿದರೆ ಸರಿ. ಎತ್ತಿದಲ್ಲೇ ನಿಂತರೆ, ಅಥವಾ ತಲೆಕೆಳಗೆ ಹಿಡಿದು ಅಲುಗಾಡಿಸಿದಾಗ ಮೊನೆ ಹೊರಗೆ ಇಣುಕಿದರೆ, ಅಂದಿನಿಂದಲೇ ಅದನ್ನು ಜೇಬಿಗೆ ಹಾಕುವುದು ನಿಲ್ಲಿಸಿ. ಕೆಲವು ಮಾದರಿಗಳ ಮೊನೆಯ ಬಳಿ ಸರಿಸುವ ಪುಟ್ಟ ಅಗುಳಿ ಇರುತ್ತದೆ, ನಿಮ್ಮದರಲ್ಲಿದ್ದರೆ ತಪ್ಪದೆ ಹಾಕಿ. ಪ್ಯಾಂಟು ತೊಟ್ಟಾಗ ಬಲಜೇಬಿನ ಹಿಂಬದಿಯ ಹೊಲಿಗೆಗೆ ತಾಗಿಸಿ ಕ್ಲಿಪ್ ಸಿಕ್ಕಿಸಿದರೆ, ಅಲಗು ತೆರೆಯಬೇಕಾದ ಕಡೆಗೆ ಹೊಲಿಗೆಯೇ ಅಡ್ಡ ನಿಲ್ಲುತ್ತದೆ. ಪಂಚೆಯ ಮಡಿಲಲ್ಲಿ, ಅಂಗಿಯ ಎದೆಜೇಬಿನಲ್ಲಿ ಇಡಲೇಬೇಡಿ.

ಇನ್ನು ಮುಚ್ಚುವ ವಿಷಯ. ದೀಪದ ಸ್ವಿಚ್ಚಿನ ಗುಣ ಎರಡೂ ದಿಕ್ಕಿಗೆ ಅನ್ವಯಿಸುತ್ತದೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ತೆರೆದ ಅಲಗನ್ನು ಮಡಚುವಾಗ ಮೊದಲ ಮುಕ್ಕಾಲು ಪಾಲು ಸ್ಪ್ರಿಂಗ್ ನಿಮಗೆ ಎದುರು ತಳ್ಳುತ್ತದೆ, ನೀವು ಬಲ ಹಾಕಿ ಅದನ್ನು ಮೀರಬೇಕು. ಕೊನೆಯ ಕಾಲು ಪಾಲಿನಲ್ಲಿ ಅದೇ ಸ್ಪ್ರಿಂಗ್ ಪಕ್ಷ ಬದಲಿಸಿ ಅಲಗನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ನಿಮ್ಮ ಕೈ ಇನ್ನೂ ಬಲ ಹಾಕುತ್ತಲೇ ಇರುತ್ತದೆ. ಹೆಚ್ಚಿನ ಇಂಥ ಚಾಕುಗಳಲ್ಲಿ ಇರುವುದು ಲೈನರ್ ಲಾಕ್: ಹಿಡಿಯೊಳಗಿನ ತೆಳು ಲೋಹದ ಪಟ್ಟಿಯನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಸರಿಸಿ ಹಿಡಿದುಕೊಂಡೇ ಅಲಗನ್ನು ಮಡಚಬೇಕು. ಅಂದರೆ ಹೆಬ್ಬೆರಳು ಅಲಗು ಬಂದು ಬೀಳುವ ದಾರಿಯಲ್ಲೇ ಇರುತ್ತದೆ. ಆ ಬೆರಳಿಗೆ ನೋವಿದ್ದು, ಚುರುಕಾಗಿ ಹಿಂದೆ ಎಳೆದುಕೊಳ್ಳಲಾಗದಿದ್ದರೆ ಏನಾಗುತ್ತದೆ ಎಂಬುದನ್ನು ನೀವೇ ಊಹಿಸಬಲ್ಲಿರಿ. ತೆರೆಯುವಾಗ ಸ್ಪ್ರಿಂಗ್ ಉಳಿಸಿಕೊಟ್ಟ ಶ್ರಮವನ್ನು ಮುಚ್ಚುವಾಗ ಅದೇ ಹೆಬ್ಬೆರಳಿನಿಂದ ಬಡ್ಡಿ ಸಹಿತ ವಸೂಲಿ ಮಾಡುತ್ತದೆ. ಹಾಗಾಗಿ ಇದನ್ನು ಒಂದು ಕೈಯಲ್ಲಿ ಮುಚ್ಚುವ ಅಭ್ಯಾಸವನ್ನೇ ಬಿಡಿ. ಬಲಗೈಯಲ್ಲಿ ಹಿಡಿದು ಪಟ್ಟಿ ಸರಿಸಿ, ಎಡಗೈಯ ಅಂಗೈಯಿಂದ ಅಲಗಿನ ಬೆನ್ನನ್ನು ತುಸು ತಳ್ಳಿ, ಲಾಕ್ ಬಿಟ್ಟುಕೊಟ್ಟ ಕೂಡಲೇ ಹೆಬ್ಬೆರಳನ್ನು ಹೊರಕ್ಕೆ ತೆಗೆದು, ಆಮೇಲೆ ಉಳಿದಷ್ಟನ್ನು ಮುಚ್ಚಿ.

ಸ್ಪ್ರಿಂಗ್ ಇದ್ದರೆ ಲಾಕ್ ಗಟ್ಟಿ ಎಂಬ ನಂಬಿಕೆಯೂ ಚಾಲ್ತಿಯಲ್ಲಿದೆ. ಎರಡಕ್ಕೂ ಸಂಬಂಧವಿಲ್ಲ. ಪ್ರತಿ ಸಲ ಅಲಗು ರಭಸದಿಂದ ಬಂದು ತಡೆಗೂಟಕ್ಕೆ ಬಡಿಯುವುದರಿಂದ ಲಾಕು, ಕೀಲುಗಳು ಸವೆಯುವುದು ತುಸು ಬೇಗವೇ. ಮನೆಗೆ ಬಂದ ಮಕ್ಕಳಂತೂ ಇದನ್ನು ಚಟಕ್ ಚಟಕ್ ಎನ್ನಿಸುತ್ತ ಆಡುತ್ತಾರೆ, ದಯವಿಟ್ಟು ಅವರ ಕೈಗೆ ಸಿಗದಂತೆ ಇಡಿ.

ವೇಗದ ಮಾತಿಗೆ ಹೆಚ್ಚು ಹೊತ್ತು ಕೊಡುವುದಿಲ್ಲ. ಬಾಲ್ ಬೇರಿಂಗ್ ಮೇಲೆ ತಿರುಗುವ ಇಂದಿನ ಸಾದಾ ಫ್ಲಿಪ್ಪರ್ ಚಾಕುಗಳು ಸ್ಪ್ರಿಂಗ್ ಇಲ್ಲದೆಯೇ ಅಷ್ಟೇ ಬೇಗ ತೆರೆಯುತ್ತವೆ. ಮೆಣಸಿನ ಬಳ್ಳಿಯ ದಾರವೂ ಓಡಿಹೋಗುವುದಿಲ್ಲ.

ತೋಟದಲ್ಲಿ ನಿಜವಾಗಿ ಗೆಲ್ಲುವುದು, ಸೋಲುವುದು ಕೊಳೆಯ ಮುಂದೆ. ಮಲೆನಾಡಿನಿಂದ ಬರುವ ಚಾಕುಗಳನ್ನು ನಾನು ಬಿಚ್ಚುವ ಮೊದಲೇ ಗುರುತು ಹಿಡಿಯಬಲ್ಲೆ. ತಿರುಪು ತೆಗೆದು ಹಿಡಿಯ ಎರಡು ಪಕ್ಕೆ ಬಿಡಿಸಿದರೆ, ತಂತಿ ಕೂರುವ ಕಿರುಗಾಲುವೆಯಲ್ಲಿ ಕೆಮ್ಮಣ್ಣು, ಬಟ್ಟೆಯ ನೂಲು, ಹಲಸಿನ ಮೇಣ, ಹಳೆಯ ಎಣ್ಣೆ ಎಲ್ಲ ಸೇರಿ ಕಪ್ಪು ಅಂಟಾಗಿ ಕೂತಿರುತ್ತದೆ. ತಂತಿ ಅದರಲ್ಲಿ ಹೂತು, ಅಲಗು ಅರ್ಧಕ್ಕೆ ಬಂದು ಸೋತು ನಿಲ್ಲುತ್ತದೆ. ಸಾದಾ ಚಾಕುವಿನಲ್ಲೂ ಕೊಳೆ ಸೇರುತ್ತದೆ. ಆದರೆ ಅಲ್ಲಿ ಕೈಯ ಬಲ ಹೆಚ್ಚು ಹಾಕಿದರೆ ಕೆಲಸ ನಡೆಯುತ್ತದೆ, ಸ್ಪ್ರಿಂಗಿಗೆ ಹೆಚ್ಚು ಬಲ ಹಾಕು ಎಂದು ಹೇಳಲಾಗುವುದಿಲ್ಲ.

ಈ ಅಂಟಿನಲ್ಲಿ ಪಾಲು ನಮ್ಮ ಕೊಬ್ಬರಿ ಎಣ್ಣೆಯದು. ಕೈಗೆ ಸಿಗುವ ಎಣ್ಣೆ ಅದೇ ಆದ್ದರಿಂದ ಎಲ್ಲರೂ ಕೀಲಿಗೆ ಅದನ್ನೇ ಬಿಡುತ್ತಾರೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಪುಷ್ಯ ಮಾಸದ ಬೆಳಿಗ್ಗೆ ನಿಮ್ಮ ಬಚ್ಚಲಿನ ಬಾಟಲಿಯಲ್ಲಿ ಹೆಪ್ಪುಗಟ್ಟುವ ಎಣ್ಣೆ ಚಾಕುವಿನ ಕೀಲಿನಲ್ಲೂ ಹೆಪ್ಪುಗಟ್ಟುತ್ತದೆ, ಹಳತಾದ ಮೇಲೆ ಅಂಟಾಗುತ್ತದೆ. ಹಲಸಿನ ಮೇಣ ಬಿಡಿಸಲು ಕೊಬ್ಬರಿ ಎಣ್ಣೆ ಹಚ್ಚಿ, ಅದು ಒಳ್ಳೆಯದೇ. ಆಮೇಲೆ ಸೋಪಿನ ಬೆಚ್ಚನೆಯ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷುಗಳಿಂದ ಎಣ್ಣೆಯನ್ನು ಪೂರ್ತಿ ತೊಳೆದು, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಕೀಲಿಗೆ ಒಂದೇ ಹನಿ ಬಿಡಿ. ಸ್ಪ್ರಿಂಗ್ ಚಾಕುವನ್ನು ನೀವೇ ಬಿಚ್ಚಲು ಹೋಗಬೇಡಿ. ಬಿಗಿದುಕೊಂಡಿರುವ ತಂತಿ ಚಿಮ್ಮಿ ಕಣ್ಣಿಗೆ ತಾಗಬಹುದು. ಮುರಿದ ತಂತಿಗೆ ಬದಲಿ ನಮ್ಮ ಪೇಟೆಯ ಅಂಗಡಿಗಳಲ್ಲಿ ಸಿಗುವಂಥದ್ದಲ್ಲ, ಅಳಿಯನ ಮೂಲಕವೇ ತರಿಸಬೇಕಾದೀತು. ಸಾದಾ ಚಾಕುವಿನ ವಾಷರ್ ಸವೆದರೆ ಇಲ್ಲಿಯೇ ಒಂದನ್ನು ಹೊಂದಿಸಿಕೊಡಬಹುದು.

ಅಲಗಿನ ಉಕ್ಕಿನ ಬಗ್ಗೆ ನೀವು ಕೇಳಿಲ್ಲ, ಆದರೂ ಅಡಿಕೆ ತೋಟದವರಿಗೆ ಇದನ್ನು ಹೇಳದೆ ಬಿಡಲಾರೆ. ಹಸಿ ಅಡಿಕೆಯ ಚೊಗರು ಕಾರ್ಬನ್ ಉಕ್ಕನ್ನು ಗಂಟೆಯೊಳಗೆ ಕಪ್ಪಾಗಿಸುತ್ತದೆ, ಅದು ಬರಿಯ ಬಣ್ಣ, ಹಾನಿಯಿಲ್ಲ. ಕೊಳೆರೋಗದ ಔಷಧಿಗೆ ಕದಡಿದ ಮೈಲುತುತ್ತದ ನೀರು ಹಾಗಲ್ಲ. ಅದು ಬಿದ್ದ ಕಾರ್ಬನ್ ಉಕ್ಕಿನ ಮೇಲೆ ತಾಮ್ರದ ಕೆಂಪು ಪದರ ಕೂರುತ್ತದೆ, ಉಕ್ಕು ಕರಗಿ ಅಲಗು ಗುಳಿ ಬೀಳುತ್ತದೆ. ನಿಮಗೆ ಸ್ಟೇನ್‌ಲೆಸ್ ಅಲಗೇ ಸರಿ. ಅಲಗು ಸ್ಟೇನ್‌ಲೆಸ್ ಆದ ಮಾತ್ರಕ್ಕೆ ಒಳಗಿನ ಸ್ಪ್ರಿಂಗೂ ಹಾಗೆಯೇ ಎಂದುಕೊಳ್ಳಬೇಡಿ, ಔಷಧಿ ಹೊಡೆಯುವ ದಿನ ಈ ಚಾಕು ಮನೆಯಲ್ಲಿರಲಿ.

ಹಾಗಾದರೆ ಏನು ಮಾಡಬೇಕು? ನಾನು ನಿಮ್ಮ ಜಾಗದಲ್ಲಿದ್ದರೆ ಅಳಿಯ ಕೊಟ್ಟದ್ದನ್ನು ಮನೆಯ, ಕಣದ ಒಣ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದೆ. ಅದು ಫ್ಲಿಪ್ಪರ್ ಇರುವ ಮಾದರಿಯಾಗಿದ್ದರೆ ತೋರುಬೆರಳಿನಿಂದ ತೆರೆಯಿರಿ, ಹೆಬ್ಬೆರಳಿಗೆ ಪೂರ್ತಿ ವಿಶ್ರಾಂತಿ. ಮುಚ್ಚುವುದು ಮೇಲೆ ಹೇಳಿದಂತೆ ಎರಡು ಕೈಯಿಂದಲೇ.

ತೋಟಕ್ಕೆ ಕ್ರಾಸ್‌ಬಾರ್ ಲಾಕ್ ಇರುವ ಸಾದಾ ಚಾಕುವನ್ನು ನೋಡಿ. ಬೆಂಚ್‌ಮೇಡ್ ಕಂಪನಿ 1990ರ ದಶಕದ ಕೊನೆಗೆ ‘ಆಕ್ಸಿಸ್’ ಎಂಬ ಹೆಸರಿನಲ್ಲಿ ತಂದ ಈ ಲಾಕನ್ನು, ಪೇಟೆಂಟ್ ಅವಧಿ ಮುಗಿದ ಮೇಲೆ ಕಡಿಮೆ ಬೆಲೆಯ ಹಲವು ತಯಾರಕರೂ ಬಳಸುತ್ತಿದ್ದಾರೆ. ಹಿಡಿಯ ಎರಡೂ ಪಕ್ಕಗಳಲ್ಲಿ ಇಣುಕುವ ಒಂದು ಅಡ್ಡಕಡ್ಡಿಯನ್ನು ಬೆರಳುಗಳಿಂದ ಹಿಂದಕ್ಕೆ ಎಳೆದರೆ ಅಲಗು ಪೂರ್ತಿ ಸಡಿಲವಾಗುತ್ತದೆ. ಮಣಿಕಟ್ಟನ್ನು ತುಸು ಬೀಸಿದರೆ ತೆರೆಯುತ್ತದೆ, ಹಾಗೆಯೇ ಮುಚ್ಚುತ್ತದೆ. ಯಾವ ಹಂತದಲ್ಲೂ ಬೆರಳು ಅಲಗಿನ ದಾರಿಗೆ ಬರುವುದಿಲ್ಲ, ನಿಮ್ಮಂಥವರಿಗೆ ಇದು ದೊಡ್ಡ ಅನುಕೂಲ. ಹೆಬ್ಬೆರಳಿಗೆ ತ್ರಾಸಾದ ದಿನ ಕಡ್ಡಿಯನ್ನು ತೋರುಬೆರಳು, ನಡುಬೆರಳುಗಳಿಂದಲೂ ಎಳೆಯಬಹುದು. ಕುಂದು ಇಲ್ಲವೆಂದಲ್ಲ. ಕಡ್ಡಿಯನ್ನು ಹಿಡಿಯುವ ಎರಡು ಕೂದಲೆಳೆಯಂಥ ಸ್ಪ್ರಿಂಗ್‌ಗಳು ಮುರಿಯುವುದುಂಟು. ಒಂದು ಮುರಿದರೂ ಇನ್ನೊಂದರ ಮೇಲೆ ಲಾಕು ಕೆಲಸ ಮಾಡುತ್ತಿರುತ್ತದೆ, ಅಷ್ಟರೊಳಗೆ ರಿಪೇರಿಗೆ ಕೊಡಿ. ಬೀಸುವಾಗ ಪಕ್ಕದಲ್ಲಿ ಯಾರೂ ಇರದಂತೆ ನೋಡಿಕೊಳ್ಳಿ.

ಹಿಡಿಯ ಬೆನ್ನಿನಲ್ಲಿ ಒತ್ತುವ ಬ್ಯಾಕ್ ಲಾಕ್ ಬೇಡ, ಅದನ್ನು ಬಿಡಿಸಲು ಹೆಬ್ಬೆರಳಿನ ಬಲವೇ ಬೇಕು. ಒಪಿನೆಲ್‌ನಂಥ ಮರದ ಹಿಡಿಯ ಚಾಕು ನನಗೆ ಪ್ರಿಯವಾದದ್ದು, ಹರಿತದಲ್ಲಿ ಅದಕ್ಕೆ ಸಾಟಿ ಕಡಿಮೆ. ಆದರೆ ಆಷಾಢದ ಮಳೆಯಲ್ಲಿ ಬೀಚ್ ಮರದ ಹಿಡಿ ಊದಿ ಅಲಗನ್ನು ಕಚ್ಚಿ ಹಿಡಿದುಬಿಡುತ್ತದೆ. ನಿಮ್ಮ ಹೆಬ್ಬೆರಳಿಗೆ ಅದು ಆಗದು.

ಮಡಚುವ ಚಾಕುವೇ ಆಗಬೇಕೆಂಬ ಹಟವಿಲ್ಲದಿದ್ದರೆ ಮೂರು ಅಂಗುಲದ, ಒರೆಯಿರುವ ನೇರ ಚಾಕುವೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ತೆರೆಯುವುದು, ಮುಚ್ಚುವುದು ಎರಡೂ ಇಲ್ಲ, ಒಳಗೆ ಸೇರುವ ಕೊಳೆಯೂ ಇಲ್ಲ. ಒರೆ ಬಿಗಿಯಾಗಿರಬೇಕು, ಮರ ಹತ್ತುವವರ ಸೊಂಟದಿಂದ ಜಾರಿ ಬೀಳಬಾರದು ಅಷ್ಟೇ. ಸಾಣೆ ತಪ್ಪಿಸಬೇಡಿ. ಮೊಂಡಾದ ಅಲಗಿಗೆ ಹೆಚ್ಚು ಒತ್ತಬೇಕಾಗುತ್ತದೆ, ಆ ಒತ್ತಡ ಬೀಳುವುದೂ ಹೆಬ್ಬೆರಳಿನ ಬುಡಕ್ಕೇ. ನೋವನ್ನು ಮೂಳೆ ವೈದ್ಯರಿಗೊಮ್ಮೆ ತೋರಿಸಿ. ಕ್ರಾಸ್‌ಬಾರ್ ಚಾಕು ಕೊಳ್ಳಲು ಹೋದಾಗ ಅಂಗಡಿಯವನು ತೆರೆದು ತೋರಿಸುವುದನ್ನು ನೋಡಿ ಮರುಳಾಗದೆ, ನಿಮ್ಮ ಕೈಯಲ್ಲೇ ಹತ್ತಾರು ಸಲ ಮುಚ್ಚಿ ನೋಡಿ. ಒಂದು ಸಲವಾದರೂ ಹೆಬ್ಬೆರಳು ನೊಂದರೆ ಅದನ್ನು ಅಲ್ಲೇ ಬಿಟ್ಟು ಮುಂದಿನದನ್ನು ಕೇಳಿ.